ತೋಟದ ದಿಣ್ಣೆಯ ಮೇಲೆ ನಕ್ಷತ್ರ ನೋಡುವ ಮರದ ಮನೆ: ಮಲೆನಾಡಿನ ಮಳೆಗೆ ತಾಳುವಂತೆ ಕಟ್ಟುವುದು ಹೇಗೆ?

ಕಾಫಿ ಕಣ (ಮೂಡಿಗೆರೆ), ಜನವರಿ 3

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದೊಂದು ಎಂಟು ಎಕರೆಯ ಕಾಫಿ ತೋಟವಿದೆ. ತೋಟದ ಮೇಲ್ಭಾಗದಲ್ಲಿ ಕಾಫಿ ಹಾಕದೆ ಬಿಟ್ಟಿರುವ ಒಂದು ದಿಣ್ಣೆಯಿದ್ದು, ಅಲ್ಲಿಂದ ಯಾವ ಮನೆಯ ದೀಪವೂ ಕಾಣುವುದಿಲ್ಲ. ವಾಯವ್ಯ ದಿಕ್ಕಿನಲ್ಲಿ ಪೇಟೆಯ ಬೆಳಕು ಆಕಾಶದ ಅಂಚಿನಲ್ಲಿ ಮಸುಕಾಗಿ ಹರಡಿರುವುದನ್ನು ಬಿಟ್ಟರೆ, ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಲ್ಲಿ ನಿಂತು ನೋಡುವ ಆಕಾಶ ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮಕ್ಕಳಿಗೆ ಪ್ರತಿ ರಜೆಯಲ್ಲಿಯೂ ಹೊಸದಾಗಿಯೇ ಕಾಣುತ್ತದೆ.

ಅಲ್ಲಿ 12 ಅಡಿಗೆ 14 ಅಡಿಯ ಒಂದು ಸಣ್ಣ ಮರದ ಮನೆ ಕಟ್ಟಿಸಬೇಕೆಂದಿದ್ದೇನೆ. ಮನೆಯವರು ಮತ್ತು ಆಗಾಗ ಬರುವ ಇಬ್ಬರು ಮೂವರು ಸ್ನೇಹಿತರು ರಾತ್ರಿ ಉಳಿದುಕೊಳ್ಳುವಂತಿದ್ದರೆ ಸಾಕು. ಹೊರದೇಶದ ಚಿತ್ರಗಳಲ್ಲಿ ಕಾಣುವಂತೆ ಹಾಸಿಗೆಯ ಮೇಲ್ಭಾಗದಲ್ಲಿ ಗಾಜಿನ ಮಾಡು, ಎದುರಿಗೆ ವಿಶಾಲವಾದ ಮರದ ಜಗಲಿ, ಪರಿಸರಸ್ನೇಹಿಯಾಗಿರಲೆಂದು ಸಿಮೆಂಟು ಆದಷ್ಟು ಕಡಿಮೆ, ಮರವೆಲ್ಲ ನಮ್ಮದೇ ತೋಟದ ಸಿಲ್ವರ್ ಓಕ್ ಎಂಬುದು ನನ್ನ ಮನಸ್ಸಿನಲ್ಲಿರುವ ಚಿತ್ರ. ನಮ್ಮ ಮಳೆಮಾಪಕದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆಯಾಗುತ್ತದೆ. ಈ ಚಿತ್ರದಲ್ಲಿ ಎಲ್ಲಿ ತಪ್ಪಿದೆ ಎಂದು ದಾಕ್ಷಿಣ್ಯವಿಲ್ಲದೆ ತಿಳಿಸಬೇಕಾಗಿ ವಿನಂತಿ.

ಎಂಟಿಂಚಿನ ಕೊಳವೆ (ಬೆಂಗಳೂರು), ಜನವರಿ 3

ದಾಕ್ಷಿಣ್ಯ ಬೇಡವೆಂದಿರುವುದರಿಂದ ಗಾಜಿನಿಂದಲೇ ಆರಂಭಿಸುತ್ತೇನೆ. ಸಾಮಾನ್ಯ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬೀಳುವ ಬೆಳಕಿನಲ್ಲಿ ಸುಮಾರು ಶೇಕಡ 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ನಷ್ಟವಾಗುವ ನಕ್ಷತ್ರದ ಬೆಳಕಿಗಿಂತ ಹೆಚ್ಚಿನ ತೊಂದರೆಯೆಂದರೆ, ಕೋಣೆಯೊಳಗೆ ಮೊಬೈಲ್ ಪರದೆಯೊಂದು ಹೊತ್ತಿಕೊಂಡರೂ ಅದರ ಪ್ರತಿಬಿಂಬ ಕೃತ್ತಿಕೆಯ ಮೇಲೆ ಬಂದು ಕೂರುತ್ತದೆ. ಮಾಗಿಯ ರಾತ್ರಿಯಲ್ಲಿ ಗಾಜು ಆಕಾಶಕ್ಕೆ ಶಾಖ ಬಿಟ್ಟು ತಣ್ಣಗಾದಾಗ ಹೊರಗಿನಿಂದ ಇಬ್ಬನಿಯೂ ಒಳಗಿನಿಂದ ನಿಮ್ಮ ಉಸಿರಿನ ತೇವವೂ ಹಿಡಿದು, ಹನ್ನೊಂದು ಗಂಟೆಯ ಹೊತ್ತಿಗೆ ಮಾಡು ಮಂಜುಗಟ್ಟಿದ ಬಸ್ಸಿನ ಕಿಟಕಿಯಂತಾಗಿರುತ್ತದೆ. ಕಿಟಕಿ ಗಾಜಿನ ಮೂಲಕ ದೂರದರ್ಶಕದಲ್ಲಿ ನೋಡಿದರೆ ಶನಿಯ ಬಳೆ ಕದಡಿದ ನೀರಿನಲ್ಲಿ ಬಿದ್ದ ಉಂಗುರದಂತೆ ಕಾಣುತ್ತದೆ.

ಹಗಲಿನ ಕಥೆ ಇನ್ನೂ ಕೆಟ್ಟದ್ದು. ನೀವು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನೇರವಾಗಿ ನಿಮ್ಮ ಮಾಡಿನ ಮೇಲೆ ನಿಲ್ಲುತ್ತಾನೆ. ಇಂಥ ಮಾಡುಗಳು ಹುಟ್ಟಿಕೊಂಡದ್ದು ಹೊರಗೆ ಕುಳಿತರೆ ಮೈ ಹೆಪ್ಪುಗಟ್ಟುವ ಊರುಗಳಲ್ಲಿ. ನಿಮ್ಮಲ್ಲಿ ಜನವರಿಯ ನಡುರಾತ್ರಿಯೂ ಒಂದು ಕಂಬಳಿಯಲ್ಲಿ ಕಳೆಯುತ್ತದೆ.

ಇನ್ನು ದಿಕ್ಕಿನ ಮಾತು. ಹೆಚ್ಚಿನವರು ನೆತ್ತಿಯ ಮೇಲಿನ ಆಕಾಶವಷ್ಟೇ ಮುಖ್ಯವೆಂದುಕೊಳ್ಳುತ್ತಾರೆ, ಆದರೆ ನಮ್ಮ ಅಕ್ಷಾಂಶದ ಭಾಗ್ಯವಿರುವುದು ದಕ್ಷಿಣದ ಅಂಚಿನಲ್ಲಿ. ಅಗಸ್ತ್ಯ ನಕ್ಷತ್ರ ನಿಮ್ಮಲ್ಲಿ ಗರಿಷ್ಠ 24 ಡಿಗ್ರಿ ಎತ್ತರಕ್ಕೆ ಏರುತ್ತದೆ. ತ್ರಿಶಂಕು (ಸದರ್ನ್ ಕ್ರಾಸ್) ಎಂಬ ನಕ್ಷತ್ರಪುಂಜದ ಶಿಲುಬೆಯ ತಲೆ 20 ಡಿಗ್ರಿ, ಪಾದ ಬರೀ 14 ಡಿಗ್ರಿ. ಅದರ ಪಕ್ಕದ ಆಲ್ಫಾ ಸೆಂಟಾರಿ ನಕ್ಷತ್ರ 16 ಡಿಗ್ರಿ. ಒಮೆಗಾ ಸೆಂಟಾರಿ ಎಂಬ ತಾರಾಗುಚ್ಛ ಸುಮಾರು 30 ಡಿಗ್ರಿಯವರೆಗೆ ಬರುತ್ತದೆ. ಯೂರೋಪಿನ ಬಹುಭಾಗಕ್ಕೆ ಇವುಗಳಲ್ಲಿ ಒಂದೂ ಇಲ್ಲ. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಕಾವಲೂರಿನ ವೀಕ್ಷಣಾಲಯ ಜವ್ವಾದಿ ಬೆಟ್ಟಗಳಲ್ಲಿ ಇದೇ ಸೀಮೆಯ ಅಕ್ಷಾಂಶದಲ್ಲಿದ್ದು, ದಕ್ಷಿಣದ ಆಕಾಶ ಅಲ್ಲಿಂದ ಚೆನ್ನಾಗಿ ಸಿಗುವುದು ಆ ಸ್ಥಳದ ದೊಡ್ಡ ಅನುಕೂಲಗಳಲ್ಲಿ ಒಂದು. ಆದ್ದರಿಂದ ನನ್ನ ಮೊದಲ ಪ್ರಶ್ನೆ: ನಿಮ್ಮ ದಿಣ್ಣೆಯ ದಕ್ಷಿಣಕ್ಕೆ ಏನಿದೆ?

ಕಾಫಿ ಕಣ, ಜನವರಿ 4

ಗಾಜಿನ ಆಸೆಯನ್ನು ನಿನ್ನೆ ರಾತ್ರಿಯೇ ಬಿಟ್ಟೆ. ಮನೆಯಲ್ಲಿ ಒಬ್ಬರಿಗೆ ಅದರಿಂದ ಬಹಳ ಸಂತೋಷವಾಗಿದೆ.

ದಕ್ಷಿಣಕ್ಕೆ ಸಿಲ್ವರ್ ಓಕ್ ಸಾಲಿದೆ. ದಿಣ್ಣೆಯ ನಡುವಿನಿಂದ ಸುಮಾರು 40 ಮೀಟರ್ ದೂರ. ಮರಗಳ ಎತ್ತರ 25 ಮೀಟರ್ ಇರಬಹುದು. ಎಲ್ಲದಕ್ಕೂ ಕಾಳುಮೆಣಸು ಹಬ್ಬಿದೆ.

ಎಂಟಿಂಚಿನ ಕೊಳವೆ, ಜನವರಿ 4

ಹಾಗಾದರೆ ಆ ಸಾಲು ನಿಮಗೆ 30 ಡಿಗ್ರಿಗೂ ಮೇಲಿನವರೆಗೆ ಗೋಡೆಯಾಗಿ ನಿಂತಿದೆ. ಮೇಲೆ ಹೇಳಿದ ನಾಲ್ಕನ್ನೂ ನೀವು ಆ ಜಾಗದಿಂದ ಈವರೆಗೆ ಎಲೆಗಳ ಸಂದಿಯಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಾರಿರಿ.

ಉಳಿ ಬಾಚಿ (ತೀರ್ಥಹಳ್ಳಿ), ಜನವರಿ 4

ನಮ್ಮದು ಮೂರು ತಲೆಮಾರಿನಿಂದ ಮರಗೆಲಸದ ಮನೆ. ಸಿಲ್ವರ್ ಓಕ್ ಬಗ್ಗೆ ಕಂಡಿದ್ದನ್ನು ಹೇಳುತ್ತೇನೆ. ನೆರಳಿನಲ್ಲಿ, ಒಣಗಿದ ಜಾಗದಲ್ಲಿ, ಹುಳುವಿಗೆ ಮದ್ದು ಕುಡಿಸಿ ಬಳಸಿದರೆ ಒಳ್ಳೆಯ ಮರ. ಹಗುರವಾಗಿದ್ದು ಉಳಿಗೆ ಒಗ್ಗುತ್ತದೆ, ಸೀಳಿದಾಗ ಕಾಣುವ ಜಾಲರಿಯಂಥ ರೇಖೆ ತೇಗದಲ್ಲೂ ಇಲ್ಲ. ಮಳೆಗೆ ಬಿಟ್ಟರೆ ಮಾತ್ರ ಅದು ಮರವಲ್ಲ, ಅಣಬೆಗೆ ಹಾಕಿದ ಅಡುಗೆ. ನನ್ನ ಕಣ್ಣೆದುರಿಗೇ ಬಯಲಿನಲ್ಲಿ ಹಾಸಿದ ಸಿಲ್ವರ್ ಓಕ್ ಹಲಗೆಗಳು ಮೂರನೆಯ ಮಳೆಗಾಲ ಕಾಣಲಿಲ್ಲ.

ಕಾನೂನಿನ ಕಡೆಯಿಂದ ಅದರಲ್ಲಿ ಒಂದು ಸುಖವಿದೆ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಡಿ ತೇಗ, ಹೊನ್ನೆ, ಮತ್ತಿ, ನಂದಿ ಮರಗಳನ್ನು ಸ್ವಂತ ತೋಟದಲ್ಲಿ ಕಡಿಯುವುದಕ್ಕೂ ಅನುಮತಿ ಬೇಕು. ಸಿಲ್ವರ್ ಓಕ್‌ಗೆ ಆ ಕಟ್ಟು ಇಲ್ಲ. ಆದರೂ ಮರವನ್ನು ಮಿಲ್ಲಿಗೆ ಸಾಗಿಸುವ ಮುನ್ನ ವಲಯ ಅರಣ್ಯ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳಿ. ದಾರಿಯಲ್ಲಿ ಲಾರಿ ನಿಲ್ಲಿಸಿದ ಮೇಲೆ ಕೇಳುವುದಕ್ಕಿಂತ ಅದು ಮೇಲು.

ಕಡಿದ ಮೇಲೆ ತಡ ಮಾಡಬಾರದು. ದಿಮ್ಮಿಯನ್ನು ತಿಂಗಳುಗಟ್ಟಲೆ ತೋಟದಲ್ಲಿಯೇ ಬಿಟ್ಟರೆ ಒಳಗೆ ನೀಲಿ ಕಲೆ ಹಿಡಿದು, ಕುಟ್ಟೆ ಹುಳು ಸೇರುತ್ತದೆ. ಬೇಗ ಸೀಳಿಸಿ, ಪ್ರತಿ ಎರಡು ಹಲಗೆಗಳ ನಡುವೆ ಒಂದಿಂಚಿನ ರೀಪು ಕೊಟ್ಟು, ನೆರಳಿನಲ್ಲಿ ಅಟ್ಟಿ ಒಡ್ಡಿ, ಮೇಲೆ ಭಾರ ಹೇರಿ ಒಣಗಿಸಬೇಕು. ಮರದ ತೇವ ಶೇಕಡ 20ಕ್ಕಿಂತ ಕೆಳಗಿದ್ದರೆ ಕೊಳೆ ಹತ್ತುವುದಿಲ್ಲ, ಅದನ್ನು ಮೀರಿದರೆ ಯಾವ ಬಣ್ಣವೂ ಕಾಯುವುದಿಲ್ಲ. ನಿಮ್ಮ ಇಡೀ ಕಟ್ಟಡದ ವಿನ್ಯಾಸ ಈ ಒಂದು ಅಂಕಿಯ ಮೇಲೆ ನಿಂತಿದೆ.

ಮದ್ದಿನ ವಿಷಯದಲ್ಲಿಯೂ ಒಂದು ಎಚ್ಚರಿಕೆ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಮನುಷ್ಯರಿಗೆ ಹೆಚ್ಚು ಅಪಾಯವಿಲ್ಲದೆ ಹುಳುವನ್ನು ತಡೆಯುತ್ತದೆ, ಆದರೆ ಮಳೆ ಬಿದ್ದರೆ ತೊಳೆದುಹೋಗುತ್ತದೆ. ಆದ್ದರಿಂದ ಅದು ಸೂರಿನ ಒಳಗಿನ ಮರಕ್ಕೆ ಮಾತ್ರ. ರೈಲ್ವೆ ಸ್ಲೀಪರ್ ಹಾಕಿ ಎಂದು ಯಾರಾದರೂ ಹೇಳಬಹುದು. ಅದಕ್ಕೆ ಕುಡಿಸಿರುವ ಕ್ರಿಯೋಸೋಟ್ ಎಣ್ಣೆ ಮೈಗೆ ತಾಗಬಾರದಂಥದ್ದು. ಮಕ್ಕಳು ಅಂಗಾತ ಮಲಗಿ ಆಕಾಶ ನೋಡುವ ನೆಲಕ್ಕೆ ಅದು ಖಂಡಿತ ಬೇಡ.

ಸಿಲ್ಕಿ ಓಕ್ ನೆರಳು (ಬ್ರಿಸ್ಬೇನ್), ಜನವರಿ 5

ಒಂದು ಸಣ್ಣ ಸೇರ್ಪಡೆ. ಸಿಲ್ವರ್ ಓಕ್ ಮೂಲತಃ ಪೂರ್ವ ಆಸ್ಟ್ರೇಲಿಯಾದ ಮರ. ನಾನೀಗ ವಾಸವಾಗಿರುವ ಕ್ವೀನ್ಸ್‌ಲ್ಯಾಂಡಿನಲ್ಲಿ ಅದು ಬೀದಿಬದಿಯಲ್ಲಿಯೇ ಬೆಳೆದು, ಅಕ್ಟೋಬರ್ ನವೆಂಬರಿನಲ್ಲಿ ಕಿತ್ತಳೆ ಬಣ್ಣದ ಹೂ ಬಿಡುತ್ತದೆ. ಇಲ್ಲಿಯವರೂ ಅದನ್ನು ಹಿಂದಿನಿಂದ ಕಪಾಟು, ಮೇಜುಗಳಿಗೆ ಮೆಚ್ಚಿ ಬಳಸಿದವರೇ ಹೊರತು ಹೊರಾಂಗಣದ ನೆಲಕ್ಕೆ ನಂಬಿದವರಲ್ಲ. ಬಾಳೆಹೊನ್ನೂರಿನ ನಮ್ಮ ಅಜ್ಜನ ಮನೆಯ ಮರ ಇಲ್ಲಿ ಎದುರಾದಾಗ ಮೊದಲ ದಿನ ಸ್ವಲ್ಪ ಹೊತ್ತು ಅದರ ಕೆಳಗೆ ನಿಂತಿದ್ದೆ.

ಕರಿಮಣ್ಣಿನ ಬಯಲು (ಚಳ್ಳಕೆರೆ), ಜನವರಿ 5

ಇಷ್ಟು ಕಷ್ಟ ಏಕೆ? ನಮ್ಮ ಕಡೆ ಬಂದು ನೋಡಿ. ಮಳೆ ನಿಮ್ಮದರ ಕಾಲುಭಾಗವೂ ಇಲ್ಲ, ಮರಗಳ ಅಡ್ಡಿಯಿಲ್ಲ, ದಿಗಂತ ನಾಲ್ಕೂ ಕಡೆ ನೆಲಕ್ಕೆ ಮುಟ್ಟುತ್ತದೆ, ಮರ ಹಾಕಿದರೆ ಮೂವತ್ತು ವರ್ಷ ಒಣಗಿಕೊಂಡೇ ಇರುತ್ತದೆ. ನಕ್ಷತ್ರ ನೋಡುವವರು ಮಲೆನಾಡಿಗೆ ಹೋಗುವುದು ಮೀನು ಹಿಡಿಯಲು ಗುಡ್ಡ ಹತ್ತಿದಂತೆ.

ಕಾಫಿ ಕಣ, ಜನವರಿ 5

ನಿಮ್ಮ ಮಾತು ನಿಜವೇ, ಅಣ್ಣ. ಆದರೆ ನಾನು ಜಾಗ ಕೊಳ್ಳಲು ಹೊರಟವನಲ್ಲ, ಇರುವ ಜಾಗದಲ್ಲಿ ರಾತ್ರಿ ಕಳೆಯಲು ಹೊರಟವನು.

ಸೂರು ಮತ್ತು ನೆರಳು (ಮೈಸೂರು), ಜನವರಿ 6

ನಾನು ವಾಸ್ತುಶಿಲ್ಪಿ. ಮಲೆನಾಡಿನ ಕಡೆ ಕೆಲವು ಮನೆಗಳ ಕೆಲಸ ಮಾಡಿದ್ದೇನೆ. ಕಾಫಿ ಕಣ ಅವರ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸಿ ಓದಿಕೊಂಡೆ. ಆಕಾಶ ನೋಡುವ ಕೆಲಸ ನಡೆಯುವುದು ಮನೆಯ ಹೊರಗೆ. ಮನೆ ಬೇಕಿರುವುದು ಮಲಗಲು, ಕಾಫಿ ಕಾಯಿಸಲು, ದೂರದರ್ಶಕವನ್ನು ತೇವ ತಾಗದಂತೆ ಇಡಲು. ಹಾಗಾಗಿ ಮನೆಯನ್ನು ಎಲ್ಲಿ ನಿಲ್ಲಿಸಿದರೆ ಅದು ಅಡ್ಡ ಬರುವುದಿಲ್ಲ ಎಂಬುದು ಮೊದಲ ಪ್ರಶ್ನೆ, ಹೇಗೆ ಕಾಣಬೇಕೆಂಬುದು ಕೊನೆಯದು.

ದಕ್ಷಿಣವನ್ನು ಬಿಡುವಂತಿಲ್ಲ ಎಂದು ಈಗಾಗಲೇ ತೀರ್ಮಾನವಾಗಿದೆ. ಪೂರ್ವವೂ ಬೇಕು, ಏಕೆಂದರೆ ಪ್ರತಿಯೊಂದೂ ಅಲ್ಲಿಂದಲೇ ಏಳುತ್ತದೆ. ಉತ್ತರಕ್ಕೆ ಮನೆ ನಿಲ್ಲಿಸೋಣವೆಂದರೆ ಧ್ರುವ ನಕ್ಷತ್ರ ನಿಮ್ಮಲ್ಲಿ ಕೇವಲ 13 ಡಿಗ್ರಿ ಎತ್ತರದಲ್ಲಿದ್ದು, ಆಕಾಶದ ಜೊತೆ ತಿರುಗುವ ದೂರದರ್ಶಕದ ಪೀಠವನ್ನು ಹೊಂದಿಸಲು ಅದು ಕಾಣಲೇಬೇಕು. ಮನೆ 6 ಮೀಟರ್ ಉತ್ತರದಲ್ಲಿದ್ದರೆ ಅದರ ಮಾಡು ನೋಡುವವರ ಕಣ್ಣಿನ ಮಟ್ಟಕ್ಕಿಂತ 1.4 ಮೀಟರ್ ಮೇಲೆ ಹೋಗಬಾರದೆಂದು ಲೆಕ್ಕ ಬರುತ್ತದೆ. ಹೆಂಚಿನ ಮಾಡಿಗೆ ಬೇಕಾದ ಇಳಿಜಾರಿನಲ್ಲಿ ಅದು ಆಗದ ಮಾತು. ಉಳಿಯುವುದು ಪಶ್ಚಿಮ ಮತ್ತು ವಾಯವ್ಯ. ಪೇಟೆಯ ಬೆಳಕು ಇರುವುದೂ ವಾಯವ್ಯದಲ್ಲಿಯೇ! ಮನೆಯನ್ನು ಅಲ್ಲಿಯೇ ನಿಲ್ಲಿಸಿದರೆ ಹಾಳಾದ ಆಕಾಶವನ್ನು ಅದು ತನ್ನ ಬೆನ್ನಿನಿಂದ ಮುಚ್ಚುತ್ತದೆ, ಜಗಲಿ ಆಗ್ನೇಯಕ್ಕೆ ತೆರೆದುಕೊಳ್ಳುತ್ತದೆ, ಮುಂಗಾರಿನ ಎರಚಲು ಬರುವ ನೈಋತ್ಯದ ಕಡೆಗೆ ಬಾಗಿಲು ಕಿಟಕಿಗಳಿಲ್ಲದ ಗೋಡೆ ಸಿಗುತ್ತದೆ.

ಮರವನ್ನು ಆರಿಸಿಕೊಂಡದ್ದಕ್ಕೆ ನಿಮ್ಮಲ್ಲಿ ಇರುವುದಕ್ಕಿಂತ ಒಳ್ಳೆಯ ಕಾರಣವೊಂದಿದೆ. ಕಲ್ಲು, ಇಟ್ಟಿಗೆ, ಕಾಂಕ್ರೀಟುಗಳು ಹಗಲೆಲ್ಲ ಕುಡಿದ ಬಿಸಿಲನ್ನು ನಡುರಾತ್ರಿಯವರೆಗೂ ಹೊರಬಿಡುತ್ತಿರುತ್ತವೆ. ಆ ಬಿಸಿಗಾಳಿ ಮೇಲೇಳುತ್ತಾ ದೂರದರ್ಶಕದ ಮುಂದೆ ಕುಣಿಯುವುದರಿಂದ ಗ್ರಹಗಳ ಚಿತ್ರ ನಡುಗುತ್ತದೆ. ತೆಳುವಾದ ಮರದ ಗೋಡೆ ಕತ್ತಲಾದ ಸ್ವಲ್ಪ ಹೊತ್ತಿಗೇ ಸುತ್ತಲಿನ ಗಾಳಿಯಷ್ಟೇ ತಣ್ಣಗಾಗುತ್ತದೆ.

ಬುನಾದಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ನಿಮ್ಮೂರಿನ ಹಳೆಯ ಮನೆಗಳೇ ಹೇಳುತ್ತವೆ. ಮರದ ಕಂಬ ನೆಲಕ್ಕೆ ಮುಟ್ಟಬಾರದು, ಕಲ್ಲಿನ ಮೇಲೆ ನಿಲ್ಲಬೇಕು. ನೆಲದಿಂದ ಕನಿಷ್ಠ ಒಂದೂವರೆ ಅಡಿ ಎತ್ತರವಿದ್ದು, ಕೆಳಗೆ ಮನುಷ್ಯ ಬಗ್ಗಿ ನೋಡುವಂತಿದ್ದರೆ ಗೆದ್ದಲಿನ ಮಣ್ಣಿನ ದಾರಿ ಕಂಡ ದಿನವೇ ಕೆರೆದು ಹಾಕಬಹುದು. ಸೂರು ಮೂರು ಅಡಿಯಾದರೂ ಮುಂದೆ ಚಾಚಿರಲಿ. ನೈಋತ್ಯದ ಗೋಡೆಗೆ ಮಳೆಗಾಲದಲ್ಲಿ ಅಡಿಕೆ ಸೋಗೆಯ ತಟ್ಟಿ ಕಟ್ಟುವ ರೂಢಿಯನ್ನು ಬಿಡಬೇಡಿ. ಅದಕ್ಕಿಂತ ಅಗ್ಗವಾದ, ವರ್ಷಕ್ಕೊಮ್ಮೆ ಗೊಬ್ಬರವಾಗುವ ಹೊರಗೋಡೆಯನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ.

ನನಗೆ ಇನ್ನೂ ಉತ್ತರ ಸಿಗದಿರುವುದು ತೆರೆದ ಜಗಲಿಗೆ. ನಾಲ್ಕು ತಿಂಗಳು ನೆನೆಯುವ ಮರದ ನೆಲಕ್ಕೆ ನನ್ನ ಬಳಿ ಕಿರಾಲಬೋಗಿಯಂಥ ದುಬಾರಿ ಮರವನ್ನು ಬಿಟ್ಟು ಬೇರೆ ಪರಿಹಾರವಿಲ್ಲ.

ಅಡಿಕೆ ಅಟ್ಟ (ಕೊಪ್ಪ), ಜನವರಿ 7

ಎಲ್ಲರೂ ಮರವನ್ನು ಮಳೆಯಿಂದ ಹೇಗೆ ಉಳಿಸುವುದೆಂದು ಯೋಚಿಸುತ್ತಿದ್ದೀರಿ. ನಮ್ಮಲ್ಲಿ ಅಡಿಕೆ ಒಣಗಿಸುವ ಅಟ್ಟವನ್ನು ನೋಡಿದವರು ಯಾರೂ ಇಲ್ಲವೇ? ಮಳೆ ಮುಗಿದ ಮೇಲೆ ಕಂಬ ನಿಲ್ಲಿಸಿ, ಮೇಲೆ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಹಾಸಿ, ಕೊಯ್ಲು ಮುಗಿಯುವವರೆಗೆ ಅಂಗಳದ ಎತ್ತರದಲ್ಲಿ ಇನ್ನೊಂದು ಅಂಗಳ ಮಾಡಿಕೊಂಡು, ಮತ್ತೆ ಮಳೆ ಬರುವ ಮೊದಲು ಅದನ್ನೆಲ್ಲ ಬಿಚ್ಚಿ ಕೊಟ್ಟಿಗೆಯ ಮೇಲಟ್ಟಕ್ಕೆ ಸೇರಿಸುತ್ತೇವೆ. ನಮ್ಮ ಮನೆಯಲ್ಲಿ ಕೆಲವು ದಬ್ಬೆಗಳನ್ನು ನನ್ನ ಮದುವೆಗೆ ಮುಂಚಿನಿಂದಲೂ ನೋಡುತ್ತಿದ್ದೇನೆ. ಮಳೆ ಕಾಣದ ಮರಕ್ಕೆ ಸಾವು ನಿಧಾನ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆಯಲ್ಲಿ ಆಕಾಶವೇ ಇಲ್ಲ. ಅಕ್ಟೋಬರಿನಲ್ಲಿ ಅರ್ಧ. ಆಗಸ್ಟಿನ ಪರ್ಸಿಯಿಡ್ ಉಲ್ಕೆಗಳನ್ನು ನಮ್ಮವರು ಪತ್ರಿಕೆಯಲ್ಲಿ ಓದಿ ತೃಪ್ತರಾಗಬೇಕು. ಡಿಸೆಂಬರ್ 13 ಮತ್ತು 14ರ ಜೆಮಿನಿಡ್ ನಮ್ಮ ಪಾಲಿನದು. ನೋಡಲು ಏನೂ ಇಲ್ಲದ ತಿಂಗಳುಗಳಲ್ಲಿ ನೋಡುವ ಜಗಲಿ ಏಕೆ ಇರಬೇಕು? ನವೆಂಬರಿನಲ್ಲಿ ಹಾಸಿ, ಮೇ ಕೊನೆಯಲ್ಲಿ ಎತ್ತಿಬಿಡಿ. ಕಲ್ಲಿನ ಕಂಬಗಳು ಮಾತ್ರ ನೆಲದಲ್ಲಿ ನಿಂತಿರಲಿ.

ಸೂರು ಮತ್ತು ನೆರಳು, ಜನವರಿ 7

ಇದನ್ನು ಓದಿ ನನ್ನ ನಕ್ಷೆಯ ಹಾಳೆಯನ್ನು ಹರಿದುಹಾಕಿದೆ. ಶಾಶ್ವತವಾಗಿ ನಿಲ್ಲುವುದನ್ನು ಮಾತ್ರ ಕಟ್ಟಡವೆಂದುಕೊಳ್ಳುವುದು ನಮ್ಮ ವೃತ್ತಿಯ ದೋಷ.

ಉಳಿ ಬಾಚಿ, ಜನವರಿ 8

ಮಾತು ಒಪ್ಪಿದೆ, ಆದರೆ ದಬ್ಬೆಯ ಮೇಲೆ ಮಲಗಿದರೆ ಬೆನ್ನಿಗೆ ಅದರ ನಾರು ಹತ್ತುತ್ತದೆ. ಬಿಡಿ ಹಲಗೆ ಹಾಸಿದರೆ ನಡೆಯುವಾಗ ಎದ್ದು ಕೂರುತ್ತದೆ. ಬದಲಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಚೌಕಟ್ಟುಗಳನ್ನು ಮಾಡಿ, ಅದರ ಮೇಲೆ ಕಾಲಿಂಚು ಸಂದು ಬಿಟ್ಟು ಹಲಗೆ ಹೊಡೆಯಿರಿ. ಒಂದು ಚೌಕಟ್ಟನ್ನು ಇಬ್ಬರು ಆರಾಮವಾಗಿ ಎತ್ತಬೇಕು, ಅದಕ್ಕಿಂತ ದೊಡ್ಡದಾದರೆ ಎರಡನೆಯ ವರ್ಷವೇ ಎತ್ತುವುದನ್ನು ಬಿಟ್ಟುಬಿಡುತ್ತೀರಿ. ಸಿಲ್ವರ್ ಓಕ್ ಇದಕ್ಕೆ ಸಾಕು, ಏಕೆಂದರೆ ಅದು ಕಾಣುವುದು ಇಬ್ಬನಿಯನ್ನು ಮಾತ್ರ. ಏಪ್ರಿಲ್ ಮೇ ತಿಂಗಳ ಅಡ್ಡಮಳೆಗೆ ಒಂದೆರಡು ದಿನ ನೆನೆದರೂ ಬಿಸಿಲಿಗೆ ಒಣಗುತ್ತದೆ. ಕೆಳಗಿನ ತೊಲೆಗಳಿಗೆ ಮಾತ್ರ ಹಳೆ ಮನೆ ಬಿಚ್ಚಿದ ಮತ್ತಿ ಅಥವಾ ಕಿರಾಲಬೋಗಿಯ ಮರ ಹುಡುಕಿ. ನೂರು ವರ್ಷ ಒಣಗಿದ ತೊಲೆ ಇನ್ನು ಡೊಂಕಾಗುವುದಿಲ್ಲ. ಮೊಳೆ ಬೇಡ, ತುಕ್ಕು ಹಿಡಿಯದ ಉಕ್ಕಿನ ತಿರುಪು ಹಾಕಿ.

ಪ್ರತಿ ಚೌಕಟ್ಟಿನ ಅಡಿಯಲ್ಲಿ ಉಳಿಯಿಂದ ಸಂಖ್ಯೆ ಕೆತ್ತಿಸಿ. ಬಣ್ಣದಲ್ಲಿ ಬರೆದದ್ದು ಅಳಿಸಿಹೋಗಿ, ನವೆಂಬರಿನಲ್ಲಿ ಯಾವುದು ಎಲ್ಲಿಯದೆಂದು ಇಡೀ ಮನೆಯವರು ಜಗಳವಾಡುವುದನ್ನು ಕಂಡಿದ್ದೇನೆ.

ಎಂಟಿಂಚಿನ ಕೊಳವೆ, ಜನವರಿ 8

ಜಗಲಿಯ ವಿಷಯದಲ್ಲಿ ಒಂದೇ ಒಂದು ಷರತ್ತು. ಮರದ ನೆಲದ ಮೇಲೆ ಯಾರಾದರೂ ಮಗ್ಗುಲು ಬದಲಿಸಿದರೂ ದೂರದರ್ಶಕದೊಳಗಿನ ಗುರು ಗ್ರಹ ಜಿಗಿಯುತ್ತದೆ. ಆದ್ದರಿಂದ ದೂರದರ್ಶಕ ನಿಲ್ಲುವ ಕಂಬಕ್ಕೂ ಜಗಲಿಗೂ ಎಲ್ಲಿಯೂ ಸ್ಪರ್ಶವಿರಬಾರದು. ನಿಮ್ಮ ಕಡೆ ಬೇಲಿಗೆ ನೆಡುವ ಕಲ್ಲು ಕಂಬದಂಥದ್ದನ್ನೇ, ಆದರೆ ದಪ್ಪನೆಯದನ್ನು ಆರಿಸಿ, ಮೂರು ಅಡಿ ಆಳಕ್ಕೆ ಹೂತು, ಅದರ ಸುತ್ತ ಎರಡಿಂಚು ಖಾಲಿ ಬಿಟ್ಟು ಚೌಕಟ್ಟುಗಳನ್ನು ಹಾಸಿ. ನನ್ನ ಎಂಟಿಂಚಿನ ಡಾಬ್ಸೋನಿಯನ್ನಿನಂತೆ ಪೆಟ್ಟಿಗೆಯಂಥ ಪೀಠದ ಮೇಲೆ ಕೂರುವ ದೂರದರ್ಶಕವಾದರೆ ಕಂಬವೂ ಬೇಡ, ಒಂದು ಚೌಕಟ್ಟನ್ನು ಎತ್ತಿ ಪಕ್ಕಕ್ಕಿಟ್ಟು ಆ ಜಾಗದಲ್ಲಿ ನೆಲದ ಮೇಲೆಯೇ ಇಟ್ಟರಾಯಿತು.

ಬೇರು ಬಿಳಲು (ಧಾರವಾಡ), ಜನವರಿ 9

ಎಲ್ಲವನ್ನೂ ಓದಿದೆ. ನನ್ನದು ಸ್ವಲ್ಪ ಕಹಿಯಾದ ಪ್ರಶ್ನೆ. ನಕ್ಷತ್ರ ನೋಡಲು ಬೆಳೆದ ಮರಗಳನ್ನು ಕಡಿದು, ಅದರಿಂದ ಮನೆ ಕಟ್ಟಿ, ಅದನ್ನು ಪರಿಸರಸ್ನೇಹಿ ಎಂದು ಕರೆಯುವುದರಲ್ಲಿ ಎಷ್ಟು ಪ್ರಾಮಾಣಿಕತೆಯಿದೆ?

ಸೂರು ಮತ್ತು ನೆರಳು, ಜನವರಿ 9

ನ್ಯಾಯವಾದ ಪ್ರಶ್ನೆ, ಲೆಕ್ಕ ಹಾಕಿಯೇ ಉತ್ತರಿಸುತ್ತೇನೆ. ನಾಲ್ಕು ಅಡಿ ಸುತ್ತಳತೆ, ಇಪ್ಪತ್ತು ಅಡಿ ಉದ್ದದ ದಿಮ್ಮಿಯನ್ನು ಮಿಲ್ಲಿನವರ ರೂಢಿಯಂತೆ ಅಳೆದರೆ, ಅಂದರೆ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ ಉದ್ದದಿಂದ ಗುಣಿಸಿದರೆ, 20 ಘನ ಅಡಿ ಬರುತ್ತದೆ. ಆರು ಮರ ಕಡಿಯುವುದೆಂದುಕೊಂಡರೆ 120. ಸೀಳಿ, ಅಂಚು ತೆಗೆದು, ಕೈಗೆ ಸಿಗುವುದು 70 ಎಂದುಕೊಳ್ಳಿ. ನಾಲ್ಕು ಗೋಡೆಯ ಒಂದಿಂಚಿನ ಹಲಗೆಗೇ ಸುಮಾರು 35 ಬೇಕು, ಉಳಿದದ್ದು ಕಂಬ, ಜಂತಿ, ಪಕಾಸಿಗಳಿಗೆ ಕಷ್ಟದಿಂದ ಸಾಲುತ್ತದೆ. 70 ಘನ ಅಡಿಯೆಂದರೆ ಎರಡು ಘನ ಮೀಟರ್, ಒಣಗಿದ ಮೇಲೆ ಸುಮಾರು ಒಂದು ಟನ್ ಮರ. ಒಣಮರದ ತೂಕದಲ್ಲಿ ಅರ್ಧದಷ್ಟು ಇಂಗಾಲವಿರುವುದರಿಂದ, ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಆ ಗೋಡೆಗಳಲ್ಲಿ ಕಟ್ಟಿಹಾಕಿದಂತಾಗುತ್ತದೆ. ಹೆಚ್ಚು ಕಡಿಮೆ ಐವತ್ತು ಚೀಲ ಸಿಮೆಂಟಿನ ತಯಾರಿಕೆ ಗಾಳಿಗೆ ಬಿಡುವಷ್ಟು.

ಕೇಳಲು ಚೆನ್ನಾಗಿದೆ. ಆದರೆ ಈ ಲೆಕ್ಕದಲ್ಲಿ ಕೊಂಬೆ, ಬೇರು, ಹೊಟ್ಟುಗಳು ಕೊಳೆತು ಗಾಳಿಗೆ ಸೇರುತ್ತವೆಂಬುದು ಇಲ್ಲ, ನಿಂತ ಮರ ಇನ್ನಿಪ್ಪತ್ತು ವರ್ಷ ಬೆಳೆಯುತ್ತಿತ್ತೆಂಬುದೂ ಇಲ್ಲ. ಮನೆ ಹತ್ತೇ ವರ್ಷಕ್ಕೆ ಕೊಳೆತುಬಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಕಡಿದ ಮರದ ಜಾಗದಲ್ಲಿ ಮತ್ತೊಂದು ಬೆಳೆದು ನಿಲ್ಲುವವರೆಗಾದರೂ ಮನೆ ಬಾಳಬೇಕು. ಉಳಿ ಬಾಚಿಯವರು ಹೇಳಿದ ಶೇಕಡ 20ರ ತೇವವೂ ಅಡಿಕೆ ಅಟ್ಟದವರು ಹೇಳಿದ ಬಿಚ್ಚುವ ಜಗಲಿಯೂ ನನಗೆ ಪರಿಸರದ ಮಾತಾಗಿ ಕೇಳಿಸುವುದು ಈ ಕಾರಣಕ್ಕೆ.

ಕಾಫಿ ಕಣ, ಜನವರಿ 9

ಬೇರು ಬಿಳಲು ಅವರಿಗೆ ನನ್ನದೂ ಒಂದು ಉತ್ತರವಿದೆ. ಸಿಲ್ವರ್ ಓಕ್‌ಗಳು ನಮ್ಮ ತಂದೆ ನೆಟ್ಟವು. ಅದಕ್ಕೆ ಮುಂಚೆ ಅಲ್ಲಿದ್ದ ಕಾಡುಮರಗಳನ್ನು ತೆಗೆದು ಇವನ್ನು ನೆಟ್ಟರೆಂಬುದನ್ನೂ ಮುಚ್ಚಿಡುವುದಿಲ್ಲ. ಕಡಿದ ಜಾಗದಲ್ಲಿ ಹಲಸು, ಅತ್ತಿ ನೆಡುವ ಯೋಚನೆಯಿದೆ. ನಿಜವಾದ ನಷ್ಟ ಕಾಳುಮೆಣಸಿನದು. ಹನ್ನೆರಡು ವರ್ಷದ ಬಳ್ಳಿಯನ್ನು ಮರದ ಜೊತೆ ಇಳಿಸಲು ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ. ಮರಗಸಿ ಮಾಡುವಾಗ ಎತ್ತರದ ಕೊಂಬೆಗಳನ್ನು ಇಳಿಸಿದರೆ ಸಾಲದೇ?

ಎಂಟಿಂಚಿನ ಕೊಳವೆ, ಜನವರಿ 9

25 ಮೀಟರಿನ ಮರ 40 ಮೀಟರ್ ದೂರದಲ್ಲಿರುವಾಗ ತ್ರಿಶಂಕುವಿನ ಪಾದ ಕಾಣಬೇಕೆಂದರೆ ಅದನ್ನು 10 ಮೀಟರಿಗೆ ಇಳಿಸಬೇಕು. ಅದು ಮರಗಸಿಯಲ್ಲ, ಶಿರಚ್ಛೇದ. ಆದರೆ ಇಡೀ ಸಾಲು ಬೇಕಿಲ್ಲ. ತ್ರಿಶಂಕು ಮತ್ತು ಅಗಸ್ತ್ಯ ಅತಿ ಎತ್ತರಕ್ಕೆ ಬರುವುದು ನೇರ ದಕ್ಷಿಣದಲ್ಲಿ. ಅಲ್ಲಿ ಒಂದು ಕಿಂಡಿ ತೆರೆದರೆ, ಆಕಾಶ ತಾನಾಗಿಯೇ ಅದರ ಮುಂದೆ ಸರಿದು ಬರುತ್ತದೆ. ಕಡಿಯುವ ಮೊದಲು ಒಂದು ಬೆಳಗಿನ ಜಾವ ಎದ್ದು ನೋಡಿ. ಜನವರಿ ಮಧ್ಯದಲ್ಲಿ ತ್ರಿಶಂಕು ಬೆಳಿಗ್ಗೆ ಐದೂಕಾಲರ ಸುಮಾರಿಗೆ ನೇರ ದಕ್ಷಿಣಕ್ಕೆ ಬರುತ್ತದೆ, ನಸುಕು ಹರಿಯಲು ಆಗ ಇನ್ನೂ ಸ್ವಲ್ಪ ಹೊತ್ತಿರುತ್ತದೆ.

ಹೊಳೆಯಾಚೆ (ಸಕಲೇಶಪುರ), ಜನವರಿ 10

ಬೆಂಗಳೂರಿನ ಸರ್ ಬೆಳಗಿನ ಜಾವ ಎದ್ದು ದಿಣ್ಣೆಗೆ ಹೋಗಿ ಎಂದು ಸುಲಭವಾಗಿ ಹೇಳಿದರು. ನಮ್ಮ ಕಡೆ ಅದೇ ಹೊತ್ತಿಗೆ ಆನೆಗಳೂ ಮನೆಗೆ ಹಿಂದಿರುಗುತ್ತಿರುತ್ತವೆ. ಕಾಫಿ ಕಣ ಅವರೇ, ಜಗಲಿಯ ಬಳಿ ಹಲಸು ನೆಡುವ ಯೋಚನೆಯನ್ನು ದಯವಿಟ್ಟು ಬಿಡಿ, ಹಣ್ಣಿನ ವಾಸನೆಗೆ ಅವು ಮೈಲಿಗಟ್ಟಲೆ ಬರುತ್ತವೆ. ಅರಣ್ಯ ಇಲಾಖೆಯ ಎಚ್ಚರಿಕೆ ಸಂದೇಶ ನೋಡದೆ ಯಾವ ರಾತ್ರಿಯೂ ಹೊರಗೆ ಮಲಗಬೇಡಿ. ನೆಲದಿಂದ ಒಂದೂವರೆ ಅಡಿ ಎತ್ತರ ಗೆದ್ದಲಿಗೆ ಸಾಕು, ಆನೆಗೆ ಅದು ಮೆಟ್ಟಿಲು ಕೂಡ ಅಲ್ಲ. ಹಿಂದೆ ಗದ್ದೆ ಕಾಯಲು ಮಾಳ ಕಟ್ಟಿ ಕೂರುತ್ತಿದ್ದವರು ರಾತ್ರಿಯಿಡೀ ಆಕಾಶ ನೋಡಿದವರೇ, ಆದರೆ ಅವರ ಕಿವಿ ಗದ್ದೆಯ ಮೇಲೆಯೇ ಇರುತ್ತಿತ್ತು.

ಇನ್ನೊಂದು ಮಾತು. ಹೆದರಿಕೆಗೆಂದು ದಿಣ್ಣೆಯ ಸುತ್ತ ಹೊನಲು ಬೆಳಕು ಹಾಕಿಸಿದರೆ ನಿಮ್ಮ ಉದ್ದೇಶವೇ ಹಾಳು.

ಎಂಟಿಂಚಿನ ಕೊಳವೆ, ಜನವರಿ 10

ಒಪ್ಪಿದೆ ಮೇಡಂ, ನನ್ನ ಮಾತಿನಲ್ಲಿ ಪೇಟೆಯವನ ಅಜಾಗರೂಕತೆ ಇತ್ತು. ದೀಪದ ವಿಷಯ ನೀವೇ ಎತ್ತಿದ್ದರಿಂದ ಅದನ್ನೂ ಮುಗಿಸುತ್ತೇನೆ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಂದು ಬಿಳಿ ಟಾರ್ಚು ಅದನ್ನು ಕ್ಷಣದಲ್ಲಿ ಅಳಿಸುತ್ತದೆ. ಕೆಂಪು ಬೆಳಕು ಅಷ್ಟು ತೊಂದರೆ ಕೊಡುವುದಿಲ್ಲ, ಆದರೆ ಅದೂ ಮಂದವಾಗಿರಬೇಕು. ಮನೆಯೊಳಗಿನ ದೀಪಗಳು ಹಳದಿ ಬಣ್ಣದವಾಗಿ, ಮೊಣಕಾಲಿನ ಎತ್ತರದಲ್ಲಿ, ಕೆಳಮುಖವಾಗಿ, ಬಲ್ಬು ಹೊರಗಿನಿಂದ ಕಾಣದಂತೆ ಮರೆಯಾಗಿರಲಿ. ಆಗ್ನೇಯದ ಬಾಗಿಲಿಗೆ ದಪ್ಪ ಪರದೆ ಹಾಕಿ. ಫ್ರಿಜ್ ಬಾಗಿಲಿನ ದೀಪವನ್ನು ಎಲ್ಲರೂ ಮರೆಯುತ್ತಾರೆ, ಅದನ್ನು ಮೊದಲು ತೆಗೆಯಿರಿ.

ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ 1,073 ಚದರ ಕಿಲೋಮೀಟರ್ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಿದಾಗ ಊರಿನವರಿಗೆ ಹೇಳಿಕೊಟ್ಟದ್ದೂ ಇಂಥವೇ ಸಣ್ಣ ಕೆಲಸಗಳು: ಕಿಟಕಿಗೆ ಪರದೆ, ದೀಪಕ್ಕೆ ಮರೆ, ವಾಹನದ ಬೆಳಕಿಗೆ ಕಡಿವಾಣ. ಅಲ್ಲಿನ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದಲೇ ನಡೆಸುತ್ತಾರೆ.

ಅಡಿಕೆ ಅಟ್ಟ, ಜನವರಿ 11

ದೀಪ ಆರಿಸಿದರೆ ಮೇ ಕೊನೆಯಲ್ಲಿ, ಜಗಲಿ ಎತ್ತುವ ಹೊತ್ತಿಗೆ, ಮಿಂಚುಹುಳುಗಳೂ ಬರುತ್ತವೆ. ಮೋಡ ಕವಿದ ರಾತ್ರಿಗೆ ಅಷ್ಟು ಸಾಕು.

ಕಾಫಿ ಕಣ, ಜನವರಿ 16

ತಡವಾಗಿ ಬರೆಯುತ್ತಿದ್ದೇನೆ, ಕಣದಲ್ಲಿ ಕಾಫಿ ಇತ್ತು. ಸಂಕ್ರಾಂತಿಯ ಮರುದಿನ ಬೆಳಗಿನ ಜಾವ, ಆನೆಯ ಸುದ್ದಿ ಹೊಳೆಯಾಚೆಗೇ ಇದೆಯೆಂದು ಖಚಿತ ಮಾಡಿಕೊಂಡು, ಮಗಳನ್ನೂ ಒಬ್ಬ ಕೆಲಸದವರನ್ನೂ ಕರೆದುಕೊಂಡು ದಿಣ್ಣೆಗೆ ಹೋದೆ. ದೂರದರ್ಶಕ ನಿಲ್ಲಬೇಕಾದ ಜಾಗದಲ್ಲಿ ಗೂಟ ಹೊಡೆದು, ಅಲ್ಲಿ ಕುರ್ಚಿ ಹಾಕಿ ಕುಳಿತೆ. ಐದು ಗಂಟೆಗೆ ಮರಗಳ ನೆತ್ತಿಯ ಮೇಲೆ ಏನೂ ಇರಲಿಲ್ಲ. ಐದೂಹತ್ತರ ಹೊತ್ತಿಗೆ ಮಗಳು ಎಲೆಗಳ ನಡುವೆ ಒಂದು ಚುಕ್ಕಿ ಮಿಣುಕುತ್ತಿರುವುದನ್ನು ತೋರಿಸಿದಳು. ಕೆಲಸದವರು ಕೆಂಪು ಕಾಗದ ಸುತ್ತಿದ ಟಾರ್ಚು ಹಿಡಿದು ಸಾಲಿನ ಬುಡದಲ್ಲಿ ನಡೆಯುತ್ತಾ ಹೋದರು. ಅವರು ಯಾವ ಬುಡದಲ್ಲಿ ನಿಂತಾಗ ಟಾರ್ಚು ಚುಕ್ಕಿಯ ನೇರ ಕೆಳಗೆ ಬರುತ್ತದೆಯೋ ಆ ಮರಕ್ಕೆ ಸುಣ್ಣದ ಗುರುತು ಹಾಕಿಸಿದೆವು.

ಗುರುತು ಬಿದ್ದದ್ದು ಆರಕ್ಕಲ್ಲ, ನಾಲ್ಕು ಮರಕ್ಕೆ. ಅದರಲ್ಲಿ ಒಂದರ ಬಳ್ಳಿ ಕಳೆದ ವರ್ಷವೇ ಸೊರಗುರೋಗದಿಂದ ಒಣಗಿದೆ. ಉಳಿದ ಮೂರರ ಮೆಣಸು ಕೊಯ್ದ ಮೇಲೆ ಫೆಬ್ರವರಿ ಕೊನೆಯಲ್ಲಿ ಕಡಿಸಿ, ಅದೇ ವಾರ ಮಿಲ್ಲಿಗೆ ಕಳುಹಿಸುವುದೆಂದು ತೀರ್ಮಾನವಾಗಿದೆ. ನಾಲ್ಕು ಮರದಿಂದ ಸಿಗುವುದು 45 ಘನ ಅಡಿಯಾದ್ದರಿಂದ ಮನೆಯನ್ನು 10 ಅಡಿಗೆ 12 ಅಡಿಗೆ ಇಳಿಸಿ, ಮೂರೇ ಕಡೆ ಹಲಗೆಯ ಗೋಡೆ, ಆಗ್ನೇಯಕ್ಕೆ ಬಿದಿರಿನ ತಟ್ಟಿಯ ಬಾಗಿಲು ಎಂದು ಸೂರು ಮತ್ತು ನೆರಳು ಅವರು ಹೊಸ ನಕ್ಷೆ ಕಳುಹಿಸಿದ್ದಾರೆ. ಕಂಬ ತೊಲೆಗಳಿಗೆ ಪಕ್ಕದೂರಿನಲ್ಲಿ ಬಿಚ್ಚುತ್ತಿರುವ ಒಂದು ಹಳೆಯ ಮನೆಯ ಮತ್ತಿ ಮರ ಸಿಗುವಂತಿದೆ. ಹಲಗೆಗಳು ಮಳೆಗಾಲವಿಡೀ ಕಾಫಿ ಗೋದಾಮಿನಲ್ಲಿ ಒಣಗಲಿ, ಕಟ್ಟುವುದು ನವೆಂಬರಿನಲ್ಲಿ.

ಉಳಿ ಬಾಚಿಯವರಿಗೆ ಒಂದು ಪ್ರಶ್ನೆ ಉಳಿದಿದೆ. ನಮ್ಮ ಆಚಾರಿಗಳು ಮರವನ್ನು ಕೃಷ್ಣಪಕ್ಷದಲ್ಲಿಯೇ, ಅಮಾವಾಸ್ಯೆಯ ಹತ್ತಿರ ಕಡಿಯಬೇಕು, ಇಲ್ಲದಿದ್ದರೆ ಕುಟ್ಟೆ ಹಿಡಿಯುತ್ತದೆ ಎನ್ನುತ್ತಿದ್ದಾರೆ. ಇದರಲ್ಲಿ ಹುರುಳಿದೆಯೇ?

ಉಳಿ ಬಾಚಿ, ಜನವರಿ 16

ಮರದೊಳಗಿನ ಪಿಷ್ಟ ಕಡಿಮೆಯಿರುವ ಒಣ ತಿಂಗಳಿನಲ್ಲಿ ಕಡಿದರೆ ಹುಳು ಕಡಿಮೆ ಎಂಬುದನ್ನು ನಾನೇ ಕಂಡಿದ್ದೇನೆ. ಪಕ್ಷದ ಲೆಕ್ಕವನ್ನು ಕಂಡಿಲ್ಲ, ಅಪ್ಪ ನಂಬಿದ್ದರು. ಹೇಗೂ ಅಮಾವಾಸ್ಯೆಯ ವಾರವೇ ಆಗಲಿ ಬಿಡಿ. ನಿಮ್ಮ ಕಿಂಡಿ ತೆರೆದ ರಾತ್ರಿ ಚಂದ್ರನಿರುವುದಿಲ್ಲ.